ಕೇಬಲ್ ಕ್ಲಚ್, ಹೈಡ್ರಾಲಿಕ್ ಕ್ಲಚ್: ಹಳೆಯ ಸ್ಪೋರ್ಟ್ಸ್ ಕಾರುಗಳ ಎರಡು ದಾರಿ

ತಿರುಗುತ್ತಿರುವ ಎಂಜಿನ್ನಿನಿಂದ ಗೇರ್ ಬಾಕ್ಸನ್ನು ಬೇಕೆಂದಾಗ ಬಿಡಿಸಿ, ಮತ್ತೆ ಹದವಾಗಿ ಕೂಡಿಸುವ ಸಾಧನ ಕ್ಲಚ್. ಎಂಜಿನ್ನಿನ ತುದಿಯಲ್ಲಿ ಫ್ಲೈವೀಲ್ ಎಂಬ ಭಾರದ ಚಕ್ರವಿರುತ್ತದೆ. ಅದರ ಮುಖಕ್ಕೆ ಕ್ಲಚ್ ಪ್ಲೇಟ್ ಅಂಟಿಕೊಂಡಂತೆ ಕೂತಿರುತ್ತದೆ. ಗಟ್ಟಿ ಸ್ಪ್ರಿಂಗಿನ ಬಲದಿಂದ ಪ್ರೆಶರ್ ಪ್ಲೇಟ್ ಅದನ್ನು ಅದುಮಿ ಹಿಡಿದಿರುತ್ತದೆ. ಪೆಡಲ್ ತುಳಿದಾಗ ಒಂದು ಕವಲು ಅಲುಗಿ ರಿಲೀಸ್ ಬೇರಿಂಗನ್ನು ತಳ್ಳುತ್ತದೆ, ಬೇರಿಂಗು ಸ್ಪ್ರಿಂಗನ್ನು ಒತ್ತುತ್ತದೆ, ಪ್ಲೇಟಿನ ಮೇಲಿನ ಹಿಡಿತ ಸಡಿಲುತ್ತದೆ. ಪಾದ ಹತ್ತು ಹದಿನೈದು ಸೆಂಟಿಮೀಟರ್ ಕೆಳಗಿಳಿದರೆ ಪ್ರೆಶರ್ ಪ್ಲೇಟ್ ಹಿಂದೆ ಸರಿಯುವುದು ಒಂದೆರಡು ಮಿಲಿಮೀಟರ್ ಮಾತ್ರ. ದೂರವನ್ನು ಕೊಟ್ಟು ಬಲವನ್ನು ಕೊಳ್ಳುವ ಈ ವ್ಯವಹಾರದಲ್ಲಿ ಪಾದದ ಬಲವನ್ನು ಕವಲಿನವರೆಗೆ ಒಯ್ಯಲು ಹಳೆಯ ಸ್ಪೋರ್ಟ್ಸ್ ಕಾರುಗಳು ಮುಖ್ಯವಾಗಿ ಎರಡು ದಾರಿ ಹಿಡಿದವು. ಒಂದು ಉಕ್ಕಿನ ಕೇಬಲ್, ಇನ್ನೊಂದು ಕೊಳವೆಯಲ್ಲಿ ತುಂಬಿದ ದ್ರವ.

ಇವೆರಡಕ್ಕಿಂತ ಮೊದಲಿದ್ದದ್ದು ಸರಳುಗಳ ಜೋಡಣೆ. ಪೆಡಲಿನಿಂದ ಕವಲಿಗೆ ನೇರವಾಗಿ ಒಂದು ಕಬ್ಬಿಣದ ಸರಳು ಇದ್ದರೆ ಬಲ ಅಷ್ಟೇನೂ ಪೋಲಾಗದು. ಆದರೆ ಎಂಜಿನ್ನನ್ನು ರಬ್ಬರ್ ಮೌಂಟಿಂಗಿನ ಮೇಲೆ ಕೂರಿಸುವ ರೂಢಿ ಬಂದ ಮೇಲೆ ತೊಡಕು ಶುರುವಾಯಿತು. ಕಾರು ಹೊರಡುವಾಗ ಎಂಜಿನ್ ಒಂದು ಪಕ್ಕಕ್ಕೆ ವಾಲುತ್ತದೆ. ಪೆಡಲ್ ಮಾತ್ರ ಬಾಡಿಗೆ ಬಿಗಿದುಕೊಂಡು ನಿಂತಲ್ಲೇ ಇರುತ್ತದೆ. ಆಗ ಸರಳು ತಾನಾಗಿಯೇ ಕ್ಲಚ್ಚನ್ನು ಎಳೆದು ಬಿಡತೊಡಗುತ್ತದೆ, ಕಾರು ಅದುರುತ್ತಾ ಮುಂದೆ ಸಾಗುತ್ತದೆ. ಎಂಜಿನ್ ಅಲುಗಿದರೂ ಕೆಡದೆ ಬಲವನ್ನು ದಾಟಿಸುವ ಬಾಗುವ ಸಂಪರ್ಕವೇ ಬೇಕಾಗಿತ್ತು. ಕೇಬಲ್ಲೂ ಹೈಡ್ರಾಲಿಕ್ಕೂ ಆ ಬೇಡಿಕೆಗೆ ಸಿಕ್ಕ ಉತ್ತರಗಳು.

ಕೇಬಲ್ಲಿನ ಮೂಲರೂಪಕ್ಕೆ 1896ರಲ್ಲಿ ಪೇಟೆಂಟ್ ಪಡೆದವನು ಅರ್ನೆಸ್ಟ್ ಬೌಡನ್. ಒಳಗೆ ಹೆಣೆದ ಉಕ್ಕಿನ ಎಳೆಗಳು, ಹೊರಗೆ ಸುರುಳಿ ಸುತ್ತಿದ ಕವಚ. ಒಳಗಿನ ತಂತಿಯನ್ನು ಎಳೆದಷ್ಟೇ ಬಲದಲ್ಲಿ ಹೊರಕವಚ ಒತ್ತಡಕ್ಕೆ ಸಿಕ್ಕುತ್ತದೆ. ಹೀಗಾಗಿ ದಾರಿ ಎಷ್ಟು ಬಳುಕಿದರೂ ಒಂದು ತುದಿಯ ಎಳೆತ ಇನ್ನೊಂದು ತುದಿಗೆ ಮುಟ್ಟುತ್ತದೆ. ಸೈಕಲ್ಲಿನ ಬ್ರೇಕ್ ವೈರ್, ಬುಲೆಟ್ ಮೋಟಾರ್ ಸೈಕಲ್ಲಿನ ಕ್ಲಚ್ ವೈರ್, ಮಾರುತಿ 800ರ ಕ್ಲಚ್ ಕೇಬಲ್ ಎಲ್ಲವೂ ಇದೇ ವಂಶದವು.

ತಂತಿ ಎಳೆಯಬಲ್ಲದು, ತಳ್ಳಲಾರದು. 2003ರಲ್ಲಿ ಸಂಚಾರಕ್ಕೆ ತೆರೆದ ಬೆಂಗಳೂರಿನ ಕೆ.ಆರ್. ಪುರದ ತೂಗುಸೇತುವೆಯಲ್ಲಿ ರಸ್ತೆಯ ಭಾರವನ್ನು ಗೋಪುರಕ್ಕೆ ಒಪ್ಪಿಸುವ ಉಕ್ಕಿನ ಕೇಬಲ್‌ಗಳು ದುಡಿಯುವುದೂ ಎಳೆತದಲ್ಲಿ ಮಾತ್ರ. ದ್ರವದ ಗುಣ ಇದಕ್ಕೆ ತದ್ವಿರುದ್ಧ: ಅದು ತಳ್ಳಬಲ್ಲದು, ಎಳೆಯಲಾರದು. ಹಾಗಾಗಿ ಎರಡೂ ಬಗೆಯ ಕ್ಲಚ್ಚುಗಳಲ್ಲಿ ಪೆಡಲ್ ವಾಪಸು ಬರುವುದು ಸ್ಪ್ರಿಂಗುಗಳ ದೆಸೆಯಿಂದ.

ಕೇಬಲ್ಲಿನ ದೊಡ್ಡ ಶತ್ರು ತಿರುವು. ನೇರ ಕವಚದಲ್ಲಿ ತಂತಿ ಸಲೀಸಾಗಿ ಜಾರುತ್ತದೆ. ಬಾಗಿದಲ್ಲಿ ಕವಚದ ಒಳಗೋಡೆಗೆ ಉಜ್ಜುತ್ತದೆ. ಈ ಘರ್ಷಣೆ ತಿರುವಿನ ಒಟ್ಟು ಕೋನದೊಂದಿಗೆ ಏರುತ್ತಾ ಹೋಗುತ್ತದೆ. ಘರ್ಷಣಾಂಕ 0.15 ಎಂದಿಟ್ಟುಕೊಂಡರೆ, ದಾರಿಯ ತಿರುವುಗಳೆಲ್ಲ ಸೇರಿ 90 ಡಿಗ್ರಿಯಾದಾಗ ಪಾದದ ಬಲದಲ್ಲಿ ಸುಮಾರು ಶೇ 21 ಅಲ್ಲೇ ಉಳಿದುಬಿಡುತ್ತದೆ. 180 ಡಿಗ್ರಿಯಾದರೆ ಶೇ 38. ಕವಚದೊಳಗೆ ನುಣುಪಾದ ಪ್ಲಾಸ್ಟಿಕ್ ಒಳಪದರವಿದ್ದು ಘರ್ಷಣಾಂಕ 0.05ಕ್ಕೆ ಇಳಿದರೆ ಅದೇ 180 ಡಿಗ್ರಿಯಲ್ಲಿ ನಷ್ಟ ಶೇ 15ರ ಆಸುಪಾಸು. ಮಳೆನೀರು ಇಳಿದು ತುಕ್ಕು ಹಿಡಿದ, ಧೂಳು ಮೆತ್ತಿದ ಕೇಬಲ್ ವರ್ಷದಿಂದ ವರ್ಷಕ್ಕೆ ಬಿಗಿಯಾಗುವುದು ಇದೇ ಕಾರಣಕ್ಕೆ. ಮೆಕ್ಯಾನಿಕ್ ಕೇಬಲ್ ಹಾಕುವಾಗ ಅದರ ದಾರಿಯನ್ನು ಆದಷ್ಟು ಕಡಿಮೆ ತಿರುವುಗಳಲ್ಲಿ ಒಯ್ಯುವುದೂ ಇದಕ್ಕಾಗಿಯೇ.

ಆದರೂ ಹಿಂಬದಿಯಲ್ಲಿ ಎಂಜಿನ್ ಇರುವ ಕಾರುಗಳಲ್ಲಿ ಕೇಬಲ್ ಬಹುಕಾಲ ಬಾಳಿತು. ಪೆಡಲಿನಿಂದ ಕ್ಲಚ್ಚಿಗೆ ಅಲ್ಲಿ ದೂರ ಹೆಚ್ಚು, ತಿರುವು ಕಡಿಮೆ: ಕಾರಿನ ನಡುವಿನ ಸುರಂಗದಲ್ಲಿ ತಂತಿ ನೆಟ್ಟಗೆ ಹಿಂದಕ್ಕೆ ಹೋಗುತ್ತದೆ. ಫೋಕ್ಸ್‌ವ್ಯಾಗನ್ ಬೀಟಲ್ ಮತ್ತು ಅದರ ಸೋದರ ಕಾರ್ಮನ್ ಗಿಯಾದಲ್ಲಿ ಗೇರ್ ಬಾಕ್ಸಿನ ಹತ್ತಿರದ ಕವಚವನ್ನು ಬೇಕೆಂದೇ ಎರಡೂವರೆಯಿಂದ ನಾಲ್ಕೂವರೆ ಸೆಂಟಿಮೀಟರಿನಷ್ಟು ಕೆಳಕ್ಕೆ ಬಳುಕಿಸುತ್ತಾರೆ. ಆ ಬಳುಕು ಕೊಡುವ ತುಸು ಘರ್ಷಣೆಯಿಂದ ಕ್ಲಚ್ ಅದುರದೆ ಹಿಡಿಯುತ್ತದೆ. ಬಳುಕಿಲ್ಲದಿದ್ದರೆ ಹೊರಡುವಾಗ ಕಾರು ಜರ್ಕ್ ಹೊಡೆಯುತ್ತದೆ. 1964ರಲ್ಲಿ ತಯಾರಿಕೆ ಶುರುವಾದ ಪೋರ್ಷೆ 911 ಕೂಡ ಕೇಬಲ್ಲನ್ನೇ ನೆಚ್ಚಿತ್ತು. ಎಂಜಿನ್ನಿನ ಶಕ್ತಿ ಹೆಚ್ಚಿದಂತೆ ಕ್ಲಚ್ ಸ್ಪ್ರಿಂಗೂ ಗಟ್ಟಿಯಾಗಬೇಕಾಯಿತು, ಪೆಡಲ್ ಭಾರವಾಯಿತು. 1970ರ ದಶಕದಲ್ಲಿ ಪಾದಕ್ಕೆ ನೆರವಾಗಲು ಹೆಚ್ಚುವರಿ ಸ್ಪ್ರಿಂಗ್ ಸೇರಿತು. 1987ರ ಮಾದರಿಯಲ್ಲಿ ಜಿ50 ಎಂಬ ಹೊಸ ಗೇರ್ ಬಾಕ್ಸಿನೊಂದಿಗೆ 911 ಹೈಡ್ರಾಲಿಕ್ ಕ್ಲಚ್ಚಿಗೆ ಬದಲಾಯಿತು.

ಹೈಡ್ರಾಲಿಕ್ ಕ್ಲಚ್ಚಿನ ಆಧಾರ 17ನೇ ಶತಮಾನದ ಪಾಸ್ಕಲ್ ನಿಯಮ: ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಪೆಡಲ್ ಒಂದು ಸರಳಿನ ಮೂಲಕ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ. ಲೋಹದ ಕೊಳವೆ ಮತ್ತು ರಬ್ಬರ್ ಹೋಸ್ ದಾಟಿದ ಒತ್ತಡ ಗೇರ್ ಬಾಕ್ಸಿನ ಬಳಿಯ ಸ್ಲೇವ್ ಸಿಲಿಂಡರಿನ ಪಿಸ್ಟನ್ನನ್ನು ಹೊರದೂಡುತ್ತದೆ. ಎಂಜಿನ್ ಎಷ್ಟು ಅಲುಗಿದರೂ ಹೋಸ್ ಬಾಗಿಕೊಳ್ಳುತ್ತದೆ. ಕೊಳವೆ ಹತ್ತು ಕಡೆ ತಿರುಗಿದರೂ ಪಾದಕ್ಕೆ ಹೆಚ್ಚಿನ ಭಾರವಿಲ್ಲ.

ಉದಾಹರಣೆಗೆ, ಮಾಸ್ಟರ್ ಸಿಲಿಂಡರಿನ ಒಳವ್ಯಾಸ ಮುಕ್ಕಾಲು ಇಂಚು, ಸ್ಲೇವ್ ಸಿಲಿಂಡರಿನದು ಒಂದು ಇಂಚು ಎಂದುಕೊಳ್ಳಬಹುದು. ಪಿಸ್ಟನ್ನುಗಳ ವಿಸ್ತೀರ್ಣದ ಅನುಪಾತ 1ಕ್ಕೆ 1.78. ಪಾದ 15 ಕಿಲೋ ಭಾರ ಹಾಕಿದರೆ, ಪೆಡಲಿನ ಸನ್ನೆ ಅದನ್ನು ಐದು ಪಟ್ಟು ಹೆಚ್ಚಿಸಿದಾಗ ಮಾಸ್ಟರ್ ಸಿಲಿಂಡರಿನ ಮೇಲೆ 75 ಕಿಲೋ, ಸ್ಲೇವ್ ಸಿಲಿಂಡರಿನಲ್ಲಿ ಸುಮಾರು 133 ಕಿಲೋ. ಬಲ ಹೆಚ್ಚಿದಷ್ಟೇ ಚಲನೆ ಕುಗ್ಗುತ್ತದೆ: ಮಾಸ್ಟರ್ ಪಿಸ್ಟನ್ 28 ಮಿ.ಮೀ. ಸರಿದರೆ ಸ್ಲೇವ್ ಪಿಸ್ಟನ್ ಸರಿಯುವುದು 16 ಮಿ.ಮೀ.ಗೆ ಹತ್ತಿರ.

1950ರ ದಶಕದಿಂದ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳು ಈ ದಾರಿ ಹಿಡಿದವು. 1955ರ ಎಂಜಿಎಯಲ್ಲಿ ಬ್ರೇಕ್ ಮತ್ತು ಕ್ಲಚ್ ಎರಡಕ್ಕೂ ಒಂದೇ ಎರಕದ ಮಾಸ್ಟರ್ ಸಿಲಿಂಡರ್: ಅಕ್ಕಪಕ್ಕ ಎರಡು ರಂಧ್ರ, ಮೇಲೆ ಎರಡಕ್ಕೂ ಸೇರಿದ ಎಣ್ಣೆಡಬ್ಬಿ. 1961ರ ಜಾಗ್ವಾರ್ ಇ-ಟೈಪ್, 1962ರ ಎಂಜಿಬಿ, ಅದೇ ವರ್ಷದ ಟ್ರಯಂಫ್ ಸ್ಪಿಟ್‌ಫೈರ್ ಎಲ್ಲಕ್ಕೂ ಹೈಡ್ರಾಲಿಕ್ ಕ್ಲಚ್ಚೇ. ಬೆಂಗಳೂರಿನ ದಂಡು ಪ್ರದೇಶದ ಬೀದಿಗಳಲ್ಲಿ ಇಂಥ ವಿದೇಶಿ ಕಾರುಗಳು ಅಪರೂಪವಾಗಿದ್ದರೂ, ಸ್ಪಿಟ್‌ಫೈರಿನ ಹತ್ತಿರದ ನೆಂಟ ಇಲ್ಲಿ ಎಲ್ಲರಿಗೂ ಪರಿಚಿತವಾಗಿತ್ತು. ಟ್ರಯಂಫ್ ಹೆರಾಲ್ಡ್ ಕಾರಿನ ಚಾಸಿಯನ್ನು ಗಿಡ್ಡಗೊಳಿಸಿಯೇ ಸ್ಪಿಟ್‌ಫೈರನ್ನು ಕಟ್ಟಿದ್ದು. ಎರಡರ ಮೈಕಟ್ಟನ್ನು ಬರೆದವನೂ ಇಟಲಿಯ ಜೊವಾನ್ನಿ ಮೈಕೆಲೊಟ್ಟಿಯೇ. ಆ ಹೆರಾಲ್ಡನ್ನು 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಿಸಿತು. ಸ್ಪೋರ್ಟ್ಸ್ ಕಾರಿನ ಕ್ಲಚ್ ಹೇಗೆ ಕೆಲಸ ಮಾಡುತ್ತದೆಂಬುದು ಹೆರಾಲ್ಡ್ ರಿಪೇರಿ ಮಾಡಿದ ಕೈಗಳಿಗೆ ಹೊಸದಾಗಿರಲಿಲ್ಲ.

ದ್ರವದ ದೌರ್ಬಲ್ಯ ಎರಡು. ಮೊದಲನೆಯದು ಗಾಳಿ. ದ್ರವ ಕುಗ್ಗುವುದಿಲ್ಲವೆಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿದೆ, ಗಾಳಿ ಕುಗ್ಗುತ್ತದೆ. ಮೇಲಿನ ಉದಾಹರಣೆಯಲ್ಲಿ ಮಾಸ್ಟರ್ ಸಿಲಿಂಡರ್ ಒಂದು ತುಳಿತಕ್ಕೆ ತಳ್ಳುವುದು 8 ಘನ ಸೆಂಟಿಮೀಟರ್ ಎಣ್ಣೆ. ಕೊಳವೆಯಲ್ಲಿ ಒಂದೇ ಒಂದು ಘನ ಸೆಂಟಿಮೀಟರ್ ಗಾಳಿ ಸಿಕ್ಕಿಕೊಂಡರೂ ಅದನ್ನು ಹಿಂಡುವುದಕ್ಕೇ ಅಷ್ಟು ಎಣ್ಣೆ ಖರ್ಚಾಗಿ, ಸ್ಲೇವ್ ಪಿಸ್ಟನ್ನಿನ ಚಲನೆಯಲ್ಲಿ ಸುಮಾರು 2 ಮಿ.ಮೀ. ಕಡಿತವಾಗುತ್ತದೆ. ಕ್ಲಚ್ ಪೂರ್ತಿ ಬಿಡುವುದಿಲ್ಲ, ರಿವರ್ಸ್ ಗೇರ್ ಹಾಕಿದರೆ ಕರಕರ ಎನ್ನುತ್ತದೆ. ಪರಿಹಾರವೆಂದರೆ ಏರ್ ತೆಗೆಯುವುದು: ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ಸ್ಲೇವ್ ಸಿಲಿಂಡರಿನ ನಿಪ್ಪಲ್ ಸಡಿಲಿಸಿ, ಗುಳ್ಳೆಗಳ ಜತೆ ಎಣ್ಣೆ ಹೊರಬಿಟ್ಟು, ಪಾದ ಮೇಲೆತ್ತುವ ಮೊದಲೇ ಬಿಗಿಯುತ್ತಾರೆ. ಗುಳ್ಳೆ ಬರುವುದು ನಿಲ್ಲುವವರೆಗೂ ಇದು ನಡೆಯಬೇಕು, ಡಬ್ಬಿಯ ಎಣ್ಣೆ ಬರಿದಾಗದಂತೆ ನೋಡಿಕೊಳ್ಳಬೇಕು.

ಎರಡನೆಯದು ಎಣ್ಣೆಯ ಸ್ವಭಾವ. ಗ್ಯಾರೇಜುಗಳಲ್ಲಿ ಬ್ರೇಕ್ ಆಯಿಲ್ ಎಂದು ಕರೆಸಿಕೊಳ್ಳುವ ಡಾಟ್ 3, ಡಾಟ್ 4 ದ್ರವಗಳು ಗ್ಲೈಕಾಲ್ ಮೂಲದವು. ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿನಲ್ಲಿ ಆ ತೇವ ಸಿಲಿಂಡರಿನ ಒಳಗೋಡೆಯಲ್ಲಿ ತುಕ್ಕಿನ ಸಣ್ಣ ಕುಳಿಗಳನ್ನು ಕೊರೆಯುತ್ತದೆ. ಕುಳಿಯ ಮೇಲೆ ಓಡಾಡುವ ರಬ್ಬರ್ ವಾಷರ್ ಹರಿದು ಸೋರುತ್ತದೆ. ಸೋರಿದ ಎಣ್ಣೆ ಬಣ್ಣವನ್ನು ಎಬ್ಬಿಸಿಬಿಡುತ್ತದೆ. ಹೊಸ ವಾಷರ್ ಕಿಟ್ ಹಾಕುವ ಮುನ್ನ ಸಿಲಿಂಡರಿನ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಬೇಕು. ಕುಳಿಯಿದ್ದರೆ ಸ್ಲೀವ್ ಕೂರಿಸಬೇಕು, ಇಲ್ಲವೇ ಸಿಲಿಂಡರನ್ನೇ ಬದಲಿಸಬೇಕು. ಎಂಜಿನ್ ಆಯಿಲ್ ಹಾಕಿದರಂತೂ ರಬ್ಬರ್ ಊದಿಕೊಂಡು ಇಡೀ ವ್ಯವಸ್ಥೆ ಕೆಡುತ್ತದೆ.

ಸವಕಳಿಯ ವಿಷಯದಲ್ಲಿ ಹೈಡ್ರಾಲಿಕ್ ಕ್ಲಚ್ಚಿಗೆ ಮೇಲುಗೈ. ಕ್ಲಚ್ ಪ್ಲೇಟ್ ಸವೆದಂತೆ ಸ್ಪ್ರಿಂಗಿನ ತುದಿಗಳು ರಿಲೀಸ್ ಬೇರಿಂಗಿನ ಕಡೆಗೆ ಸರಿಯುತ್ತವೆ. ಹೊಂದಾಣಿಕೆಯ ತಿರುಪಿಲ್ಲದ ಎಂಜಿಬಿಯಂಥ ಕಾರುಗಳಲ್ಲಿ ಸ್ಲೇವ್ ಪಿಸ್ಟನ್ ಅಷ್ಟೇ ಹಿಂದೆ ಸರಿದು ಹೊಂದಿಕೊಳ್ಳುತ್ತದೆ. ಕೇಬಲ್ಲಿನಲ್ಲಿ ಮಾತ್ರ ಪೆಡಲಿನ ಪ್ಲೇ, ಅಂದರೆ ಆರಂಭದ ಸಡಿಲು ಚಲನೆ, ಕಡಿಮೆಯಾಗುತ್ತಾ ಬರುತ್ತದೆ. ತಿರುಪು ಸಡಿಲಿಸಿ ಸರಿಪಡಿಸದಿದ್ದರೆ ಬೇರಿಂಗು ಸದಾ ಒತ್ತಿಕೊಂಡಿದ್ದು ಕ್ಲಚ್ ಸ್ಲಿಪ್ ಆಗತೊಡಗುತ್ತದೆ.

ಹಲಸೂರಿನಿಂದ ಇಂದಿರಾನಗರದ ಅಂಚು ಹಿಡಿದು ಕೆ.ಆರ್. ಪುರದತ್ತ ಸಾಗುವ ಹಳೆಯ ಮದರಾಸು ರಸ್ತೆಯಂಥ ದಟ್ಟಣೆಯಲ್ಲಿ ಎರಡಕ್ಕೂ ನಿಜವಾದ ಪರೀಕ್ಷೆ. ಅಲ್ಲಿ ಹಗುರವಾದ ಪೆಡಲ್ ದೊಡ್ಡ ವರ. ಆದರೆ ಎಂಜಿಬಿ, ಇ-ಟೈಪ್ ಮೊದಲಾದವುಗಳ ರಿಲೀಸ್ ಬೇರಿಂಗಿನಲ್ಲಿ ಗುಂಡುಗಳಿಲ್ಲ. ಗ್ರಾಫೈಟಿನ ಉಂಗುರವೊಂದು ತಿರುಗುವ ಲೋಹದ ಮುಖಕ್ಕೆ ನೇರವಾಗಿ ಉಜ್ಜುತ್ತದೆ. ಸಿಗ್ನಲ್ಲಿನಲ್ಲಿ ಗೇರ್ ಹಾಕಿಕೊಂಡೇ ಪೆಡಲ್ ತುಳಿದು ನಿಂತರೆ ಆ ಉಂಗುರ ಬೇಗ ಸವೆದುಹೋಗುತ್ತದೆ, ಅದನ್ನು ಬದಲಿಸಲು ಎಂಜಿನ್ನನ್ನೇ ಇಳಿಸಬೇಕು. ಇಂಥ ಕಾರನ್ನು ನ್ಯೂಟ್ರಲ್‌ನಲ್ಲಿಟ್ಟು ಪಾದ ತೆಗೆಯುವುದೇ ಸರಿ.

ಕೆಟ್ಟು ನಿಲ್ಲುವ ಬಗೆಯೂ ಬೇರೆ. ಕೇಬಲ್ ಸಾಮಾನ್ಯವಾಗಿ ತುದಿಯ ಗುಬಟಿನ ಬಳಿ ಒಂದೊಂದೇ ಎಳೆ ಬಿಟ್ಟು ಕೊನೆಗೆ ಪಟ್ಟನೆ ತುಂಡಾಗುತ್ತದೆ. ಹೈಡ್ರಾಲಿಕ್ ಹೆಚ್ಚಾಗಿ ನಿಧಾನವಾಗಿ ಸೋರಿ, ಪೆಡಲ್ ದಿನದಿನಕ್ಕೆ ಕೆಳಗಿಳಿದು ಮುನ್ಸೂಚನೆ ಕೊಡುತ್ತದೆ. ತುಂಡಾದ ಕೇಬಲ್ಲಿಗೆ ಉದ್ದ, ದಪ್ಪ, ತುದಿಯ ಗುಬಟು ಹೊಂದುವ ಇನ್ನೊಂದು ಕೇಬಲ್ ಸಾಕು. ಶಿವಾಜಿನಗರದ ಗುಜರಿ ಅಂಗಡಿಗಳ ರಾಶಿಯಲ್ಲಿ ಅಂಥದ್ದನ್ನು ಹುಡುಕಬಹುದು. ಹೈಡ್ರಾಲಿಕ್ ಭಾಗಗಳಿಗೆ ನಿಖರವಾದ ಒಳವ್ಯಾಸ ಬೇಕು.

ಒಂದನ್ನು ತೆಗೆದು ಇನ್ನೊಂದನ್ನು ಹಾಕುವವರು ಮರೆಯಬಾರದ ಸಂಗತಿಯೂ ಇದೇ. ಪೆಡಲಿನ ಸನ್ನೆ, ಸಿಲಿಂಡರಿನ ವ್ಯಾಸ, ಕವಲಿನ ಉದ್ದ, ಸ್ಪ್ರಿಂಗಿನ ಗಡಸು ಒಂದೇ ಸರಪಳಿಯ ಕೊಂಡಿಗಳು. ಸ್ಲೇವ್ ಸಿಲಿಂಡರ್ ದೊಡ್ಡದಾದರೆ ಪೆಡಲ್ ಹಗುರವಾಗುತ್ತದೆ, ಕ್ಲಚ್ ಮಾತ್ರ ಪೂರ್ತಿ ಬಿಡುವುದಿಲ್ಲ. ಚಿಕ್ಕದಾದರೆ ಪೆಡಲ್ ಭಾರವಾಗುವುದಷ್ಟೇ ಅಲ್ಲ, ಬೇರಿಂಗು ಮಿತಿಮೀರಿ ಸರಿದು ಕ್ಲಚ್ ಸ್ಪ್ರಿಂಗಿನ ತುದಿಗಳನ್ನು ಬಗ್ಗಿಸಬಹುದು. ಭಾರವಾದ ಪೆಡಲಿಗೆ ಮೊದಲ ಮದ್ದು ಮೂಲ ವ್ಯವಸ್ಥೆಯ ದುರಸ್ತಿ: ಕೇಬಲ್ಲಾದರೆ ಹೊಸ ತಂತಿ ಮತ್ತು ಸರಿಯಾದ ದಾರಿ, ಹೈಡ್ರಾಲಿಕ್ಕಾದರೆ ಹೊಸ ವಾಷರ್, ಹೊಸ ಹೋಸ್, ಎರಡು ವರ್ಷಕ್ಕೊಮ್ಮೆ ಹೊಸ ಎಣ್ಣೆ. ಅಷ್ಟು ಮಾಡಿದ ಮೇಲೆ ಕಾರನ್ನು ರೂಪಿಸಿದವರು ಆರಿಸಿದ ದಾರಿಯನ್ನು ಬದಲಿಸುವ ಅಗತ್ಯ ಬರುವುದು ಅಪರೂಪ.