ದಿನ ತುಂಬದ ಕೂಸು, ದಿನ ಎಣಿಸುವ ಫೋನು

‘ಕಾರಹುಣ್ಣಿಮಿಗಿ ಹುಟ್ಯಾದ, ಪಂಚಮಿಗಿ ದಿನ ಇತ್ತು.’

ಬೀದರ್ ಜಿಲ್ಲೆ ಔರಾದ ತಾಲ್ಲೂಕಿನ ಚಿಂತಾಕಿ ಕಡೆಯ ಅಜ್ಜಿಯೊಬ್ಬಳು ಅವಧಿಗೆ ಮುನ್ನ ಹುಟ್ಟಿದ ಮೊಮ್ಮಗುವಿನ ಲೆಕ್ಕ ಹೇಳಿದರೆ ಹೀಗೆ ಹೇಳಿಯಾಳು. ಲೆಕ್ಕ ತಪ್ಪೇನಲ್ಲ. ಕಾರಹುಣ್ಣಿಮೆಯಿಂದ ನಾಗರಪಂಚಮಿಗೆ ಹತ್ತಿರ ಹತ್ತಿರ 49 ದಿನ, ಏಳು ವಾರ. ಗರ್ಭದ 40 ವಾರದಲ್ಲಿ ಏಳು ಕಳೆದರೆ 33. ಡಾಕ್ಟರು ಚೀಟಿಯಲ್ಲಿ ಬರೆಯುವ ಅಂಕಿಯೂ ಅದೇ. (ನಡುವೆ ಅಧಿಕಮಾಸ ಬಿದ್ದರೆ ಅಜ್ಜಿ ಒಂದು ತಿಂಗಳು ಕೂಡಿಸಿಕೊಳ್ಳಬೇಕು, ಅಷ್ಟೇ.) ಇಂಥ ಕೂಸಿಗೆ ಎರಡು ವಯಸ್ಸು. ಹುಟ್ಟಿದ ದಿನದಿಂದ ಎಣಿಸಿದ್ದು ಒಂದು, ಹುಟ್ಟಬೇಕಿದ್ದ ದಿನದಿಂದ ಎಣಿಸಿದ್ದು ಇನ್ನೊಂದು. ಬೋರಲು ಬೀಳುವುದು, ಕೂಡುವುದು, ಅಂಬೆಗಾಲಿಡುವುದು ಎರಡನೆಯದನ್ನು ಹಿಡಿದು ನಡೆಯುತ್ತವೆ. ಓಣಿಯ ಓರಗೆ ಕೂಸು ಕೂತರೂ ತನ್ನದು ಕೂಡುತ್ತಿಲ್ಲ ಎಂದು ತಾಯಿ ಕೊರಗುವುದು ಮೊದಲನೆಯದನ್ನಷ್ಟೇ ಎಣಿಸಿದಾಗ.

ದೂರದ ಅಮೆರಿಕದಲ್ಲಿ ಈ ಕೂಸುಗಳ ಲೆಕ್ಕಪತ್ರ ಈಗ ಫೋನಿಗೆ ಸೇರಿದೆ. ಅಲ್ಲಿನ ‘ಮಾರ್ಚ್ ಆಫ್ ಡೈಮ್ಸ್’ ಸಂಸ್ಥೆಯನ್ನು ಅಧ್ಯಕ್ಷ ರೂಸ್ವೆಲ್ಟ್ 1938ರಲ್ಲಿ ಕಟ್ಟಿದ್ದು ಪೋಲಿಯೊ ವಿರುದ್ಧ. 1955ರಲ್ಲಿ ಲಸಿಕೆ ಬಂತು. ಶತ್ರು ಸೋತ ಮೇಲೆ ಸಂಸ್ಥೆ ಬಾಗಿಲು ಹಾಕಲಿಲ್ಲ, ಎಳೆಗೂಸುಗಳ ಕಡೆ ತಿರುಗಿತು. ಅದರ ‘ಮೈ ಎನ್‌ಐಸಿಯು ಬೇಬಿ’ ಆ್ಯಪ್‌ನಲ್ಲಿ ತಾಯಿ ಕೂಸಿನ ತೂಕ, ಕುಡಿದ ಹಾಲು, ಎದೆಗೆ ಅಪ್ಪಿಕೊಂಡ ಹೊತ್ತು ಎಲ್ಲವನ್ನೂ ಬರೆದಿಡಬಹುದು. ಈ ಎದೆಗಪ್ಪುವ ಆರೈಕೆ ಮಾತ್ರ ಸಿರಿವಂತ ದೇಶದ್ದಲ್ಲ. 1978ರಲ್ಲಿ ಕೊಲಂಬಿಯದ ಬೊಗೊಟಾ ನಗರದ ಆಸ್ಪತ್ರೆಯಲ್ಲಿ ಬೆಚ್ಚಗಿನ ಪೆಟ್ಟಿಗೆಗಳು ಸಾಲದೆ ಡಾ. ಎಡ್ಗರ್ ರೇ ಕೂಸುಗಳನ್ನು ತಾಯಂದಿರ ಬರಿಮೈಗೆ ಕಟ್ಟಿಸಿದರು. ಹೆಸರು ‘ಕಾಂಗರೂ’ ಆಯಿತು. ನಮ್ಮ ಕಲ್ಯಾಣ ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ಒಯ್ಯುವ ಕೆಲಸ ಮಾಡಿದ್ದಾರೆ. ದಿನಕ್ಕೆ ಕನಿಷ್ಠ 8 ತಾಸು ಹಾಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಂಟು ತಾಸು! ರೊಟ್ಟಿ ಬಡಿಯುವವರು ಯಾರು, ನೀರು ತರುವವರು ಯಾರು ಎಂಬ ಪ್ರಶ್ನೆಗೆ ಯಾವ ಆ್ಯಪ್‌ನಲ್ಲೂ ಗುಂಡಿ ಇಲ್ಲ.

ಕರ್ನಾಟಕದಲ್ಲಿ ಫೋನು ಈ ಕೂಸುಗಳ ಹತ್ತಿರ ಬಂದದ್ದು ತಾಯಿಯ ಕೈಯಿಂದಲ್ಲ, ಕಣ್ಣಿನ ಡಾಕ್ಟರ ಜೇಬಿನಿಂದ. ಆ ಕತೆಗೆ ಸ್ವಲ್ಪ ಹಿಂದೆ ಹೋಗಬೇಕು.

ಕಣ್ಣಿನ ಒಳಪರದೆಯ ರಕ್ತನಾಳಗಳು ಅಂಚು ಮುಟ್ಟುವುದು ಗರ್ಭದ ಕೊನೆಯ ವಾರಗಳಲ್ಲಿ. ಕೂಸು ಮೊದಲೇ ಹೊರಬಂದರೆ ಅವು ಅರ್ಧದಾರಿಯಲ್ಲಿ ನಿಲ್ಲುತ್ತವೆ. ಆಮೇಲೆ ಅಡ್ಡಾದಿಡ್ಡಿ ಬೆಳೆದು ಪರದೆಯನ್ನೇ ಎಳೆದು ಕಿತ್ತುಬಿಡಬಹುದು. 1942ರಲ್ಲಿ ಬಾಸ್ಟನ್ನಿನ ಥಿಯೊಡೋರ್ ಟೆರಿ ಇದನ್ನು ಮೊದಲು ವರದಿ ಮಾಡಿದರು. ಉಸಿರು ಉಳಿಸಲೆಂದು ಪೆಟ್ಟಿಗೆಯೊಳಗೆ ಅಳತೆಯಿಲ್ಲದೆ ಬಿಟ್ಟ ಆಮ್ಲಜನಕವೇ ಕಣ್ಣು ಕೆಡಿಸುತ್ತಿದೆ ಎಂದು ಗೊತ್ತಾಗುವಷ್ಟರಲ್ಲಿ ಹತ್ತು ವರ್ಷ ಕಳೆದಿತ್ತು. 1950ರಲ್ಲಿ ಹೀಗೆ ಅವಧಿಗೆ ಮುನ್ನ ಹುಟ್ಟಿ ಕಣ್ಣು ಕಳೆದುಕೊಂಡ ಕೂಸೇ ಮುಂದೆ ಹಾಡುಗಾರ ಸ್ಟೀವಿ ವಂಡರ್. ಡಾಕ್ಟರು ಈ ಕಣ್ಣಿನ ಬೇನೆಯನ್ನು ‘ಆರ್‌ಒಪಿ’ ಎನ್ನುತ್ತಾರೆ.

ಕೇಡು ಏನೆಂದರೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಕಣ್ಣು ಫಳಫಳ ಹೊಳೆಯುತ್ತಿರುತ್ತದೆ, ಕಾಡಿಗೆ ಹಚ್ಚಿ ದೃಷ್ಟಿ ತೆಗೆಯುವಷ್ಟು ಚೆಂದ ಇರುತ್ತದೆ. ಒಳಪರದೆಯನ್ನು ಪರೀಕ್ಷಿಸಿ ನೋಡಿದರಷ್ಟೇ ಗೊತ್ತಾಗುವುದು. ಪಶ್ಚಿಮದ ಪುಸ್ತಕ ಒಂದೂವರೆ ಕಿಲೊವರೆಗಿನ ಕೂಸುಗಳ ಮೇಲೆ ಕಣ್ಣಿಟ್ಟಿದ್ದರೆ, ನಮ್ಮ ದೇಶದಲ್ಲಿ ಅದಕ್ಕಿಂತ ತೂಕದವಕ್ಕೂ ಈ ಕೇಡು ತಟ್ಟುತ್ತದೆ. ಹಾಗಾಗಿ ನಮ್ಮ ಗೆರೆ ಬೇರೆ: 34 ವಾರಕ್ಕಿಂತ ಮೊದಲು ಹುಟ್ಟಿದ್ದು ಅಥವಾ 2 ಕಿಲೊಗಿಂತ ಕಡಿಮೆ ತೂಗಿದ್ದು ಎಂದರೆ ಹುಟ್ಟಿ 30 ದಿನದೊಳಗೆ ಕಣ್ಣು ನೋಡಿಸಬೇಕು. ತೀರಾ ಸಣ್ಣದಾದರೆ ಎರಡು ಮೂರು ವಾರಕ್ಕೇ. ಬೇನೆ ಜೋರಾಗಿದ್ದರೆ ಎರಡು ಮೂರು ದಿನದಲ್ಲಿ ಲೇಸರ್ ಆಗಬೇಕು. ತಡವಾದರೆ ಜೀವಮಾನದ ಕತ್ತಲೆ.

ಇದನ್ನು ನೋಡಬಲ್ಲ ಡಾಕ್ಟರು ಬೆರಳೆಣಿಕೆ, ಅವರಿರುವುದು ದೊಡ್ಡ ಊರುಗಳಲ್ಲಿ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಮತ್ತು ಜೊತೆಗಾರರು 2008ರಲ್ಲಿ ಈ ದಾರಿಯನ್ನು ತಿರುವುಮುರುವು ಮಾಡಿದರು. ಕೂಸು ಡಾಕ್ಟರ ಹತ್ತಿರ ಬರುವುದು ಬೇಡ, ಕ್ಯಾಮೆರಾವೇ ಕೂಸಿನ ಹತ್ತಿರ ಹೋಗಲಿ. ‘ಕಿಡ್‌ರಾಪ್’ ಎಂಬ ಆ ಕೆಲಸದಲ್ಲಿ ಗಾಡಿಯಲ್ಲಿ ಕ್ಯಾಮೆರಾ ಹೇರಿಕೊಂಡು ಜಿಲ್ಲೆಯ ಆಸ್ಪತ್ರೆಗಳಿಗೆ ಹೋಗುವವರು ಡಾಕ್ಟರಲ್ಲ, ತರಬೇತಾದ ತಂತ್ರಜ್ಞರು. ಕಣ್ಣಿಗೆ ಜೋಮು ಹಿಡಿಸುವ ಹನಿ ಬಿಟ್ಟು, ರೆಪ್ಪೆ ಬಿಡಿಸಿ, ಚಿತ್ರ ತೆಗೆದು, ಹಸಿರು, ಕಿತ್ತಳೆ, ಕೆಂಪು ಎಂದು ತಾವೇ ವಿಂಗಡಿಸುತ್ತಾರೆ. ಚಿತ್ರಗಳು ಬೆಂಗಳೂರಿಗೆ ಹಾರುತ್ತವೆ. ಅಲ್ಲಿ ತಜ್ಞರು ತಮ್ಮ ಫೋನಿನಲ್ಲೇ ಅವನ್ನು ತೆರೆದು ನೋಡಿ ವರದಿ ಕಳಿಸುತ್ತಾರೆ. ಐಫೋನು ಭಾರತದ ಅಂಗಡಿಗೆ ಬಂದದ್ದೂ ಅದೇ 2008ರಲ್ಲಿ. ಬಹುಪಾಲು ಜನ ಅದನ್ನು ಅಂಗೈಯ ಆಟಿಕೆ ಅಂದುಕೊಂಡಿದ್ದ ಕಾಲದಲ್ಲಿ ಇಲ್ಲಿ ಅದು ಕಣ್ಣು ಉಳಿಸುವ ಕೆಲಸಕ್ಕೆ ಬಿತ್ತು. ಸರ್ಕಾರದ ಗ್ರಾಮೀಣ ಆರೋಗ್ಯ ಅಭಿಯಾನ ಕೈಜೋಡಿಸಿದ ಮೇಲೆ ಕೆಲಸ ಉತ್ತರ ಕರ್ನಾಟಕಕ್ಕೂ ಹಬ್ಬಿತು.

ನನ್ನ ಮಟ್ಟಿಗೆ, ದಿನ ತುಂಬದ ಕೂಸಿನ ತಂದೆತಾಯಿಗೆ ನಮ್ಮ ನಾಡಿನಲ್ಲಿ ಒದಗಿದ ಮೊದಲ ಆ್ಯಪ್ ಇದೇ. ಅದು ಅವರ ಫೋನಿನಲ್ಲಿ ಒಮ್ಮೆಯೂ ತೆರೆಯಲಿಲ್ಲ, ಅದರ ಹೆಸರೂ ಅವರಿಗೆ ಗೊತ್ತಿರಲಿಕ್ಕಿಲ್ಲ.

ತಾಯಿಯ ಕೈಗೇ ಫೋನು ಕೊಡುವ ಯೋಚನೆ ಬಂದದ್ದು ಇನ್ನೊಂದು ದಿಕ್ಕಿನಿಂದ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ತರಗತಿಯಲ್ಲಿ ಬಡವರಿಗೆ ಎಟುಕುವ ವಸ್ತು ಮಾಡಿ ತೋರಿಸುವುದೇ ಪಾಠ. 2007ರಲ್ಲಿ ಅಲ್ಲಿ ಹುಟ್ಟಿದ್ದು ‘ಎಂಬ್ರೇಸ್’, ಕರೆಂಟಿಲ್ಲದೆಯೂ ತಾಸುಗಟ್ಟಲೆ ಬೆಚ್ಚಗಿಡುವ ಪುಟ್ಟ ಚೀಲ. ಮಾಡಿದವರು ಅದನ್ನು ಹೊತ್ತು ಬಂದದ್ದು ಬೆಂಗಳೂರಿಗೆ. ಕೆಲವು ವರ್ಷದ ನಂತರ ಅದೇ ತರಗತಿಯಿಂದ ‘ನೂರಾ ಹೆಲ್ತ್’ ಹುಟ್ಟಿತು, ಅದೂ ಬೆಂಗಳೂರಿಗೇ ಬಂತು. ಹೃದಯದ ಶಸ್ತ್ರಚಿಕಿತ್ಸೆಯಾದವರ ಮನೆಮಂದಿಗೆ ಆಸ್ಪತ್ರೆಯ ವರಾಂಡದಲ್ಲೇ ಆರೈಕೆ ಕಲಿಸುವುದರಿಂದ ಶುರುವಾಗಿ, ಸರ್ಕಾರಿ ಆಸ್ಪತ್ರೆಯ ಬಾಣಂತಿ ಮತ್ತು ಎಳೆಗೂಸಿನ ತನಕ ಬಂದು, ಮನೆಗೆ ಹೋದವರ ಜೊತೆ ವಾಟ್ಸ್‌ಆ್ಯಪ್‌ನಲ್ಲಿ ಮಾತು ಮುಂದುವರಿಸಿತು. ಹೊಸ ಆ್ಯಪ್ ಯಾಕಲ್ಲ ಎಂದರೆ ಉತ್ತರ ಸರಳ: ವಾಟ್ಸ್‌ಆ್ಯಪ್ ಆಗಲೇ ಇದೆ, ಓದು ಬಾರದವರು ಒತ್ತಿ ಹಿಡಿದು ಮಾತಾಡಬಹುದು.

ಈಗ ಚಿಂತಾಕಿಗೆ ವಾಪಸು ಬರೋಣ. ಔರಾದ ತಾಲ್ಲೂಕಿಗೆ ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಮನೆಯಲ್ಲಿ ಮರಾಠಿಯೋ ತೆಲುಗೋ ಲಂಬಾಣಿಯೋ, ಸಂತೆಯಲ್ಲಿ ಕನ್ನಡ, ಬಸ್‌ಸ್ಟ್ಯಾಂಡಿನಲ್ಲಿ ದಖನಿ. ಸೊಸೆಯ ತವರು ಉದಗೀರ ಇರಬಹುದು, ನಾರಾಯಣಖೇಡ ಇರಬಹುದು. ಚೊಚ್ಚಲ ಹೆರಿಗೆ ತವರಿನಲ್ಲಿ. ಹೀಗಾಗಿ ತಾಯಿ ಕಾರ್ಡ್ ಒಂದು ರಾಜ್ಯದ್ದು, ಹೆರಿಗೆ ಇನ್ನೊಂದು ರಾಜ್ಯದ್ದು. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಬಹಳ ಸಲ ಇರುವುದು ಗಂಡನ ನಂಬರು. ಗಂಡ ಹೈದರಾಬಾದಿನಲ್ಲಿ ಕೆಲಸಕ್ಕೆ. ಕಣ್ಣು ತೋರಿಸಲು ಬನ್ನಿ ಎಂಬ ಕರೆ ಅವನ ಜೇಬಿನಲ್ಲಿ ಗುಣುಗುಣಿಸಿ ಸುಮ್ಮನಾಗುತ್ತದೆ.

ಗಡಿಯ ಈಚೆ ಆ ಕೂಸನ್ನು ಎಣಿಸುವವಳು ಆಶಾ ಕಾರ್ಯಕರ್ತೆ. ಹುಟ್ಟಿದ 3, 7, 14, 21, 28, 42ನೇ ದಿನ ಮನೆಗೆ ಹೋಗಿ ತಕ್ಕಡಿಯಲ್ಲಿ ತೂಗಿ, ಜ್ವರ ನೋಡಿ ಬರಬೇಕು. ಈ ಮನೆಭೇಟಿಯ ಬೇರು ಮಹಾರಾಷ್ಟ್ರದ ಗಡ್ಚಿರೋಲಿಯಲ್ಲಿದೆ. ಅಭಯ್ ಮತ್ತು ರಾಣಿ ಬಂಗ್ ದಂಪತಿ ಹಳ್ಳಿ ಹೆಂಗಸರಿಗೇ ಎಳೆಗೂಸಿನ ಆರೈಕೆ ಕಲಿಸಿ, ಸಾವು ಅರ್ಧಕ್ಕಿಂತ ಹೆಚ್ಚು ತಗ್ಗಿದ್ದನ್ನು 1999ರಲ್ಲಿ ಲೋಕಕ್ಕೆ ತೋರಿಸಿದರು. ಆಗ ಯಾರ ಕೈಯಲ್ಲೂ ಈ ಫೋನು ಇರಲಿಲ್ಲ. ಆಶಾಳ 28ನೇ ದಿನಕ್ಕೂ ಕಣ್ಣಿನ 30ನೇ ದಿನಕ್ಕೂ ನಡುವೆ ಉಳಿಯುವುದು ಎರಡೇ ದಿನ. ಆ ಭೇಟಿಯಲ್ಲಿ ನೆನಪಿಸಿದರೆ ಊರಿಂದ ಹೊರಡುವ ಹೊತ್ತಿಗೇ ತಡ. 14ನೇ ದಿನವೇ ಹೇಳಬೇಕು, 21ಕ್ಕೆ ಮತ್ತೆ ಕೇಳಬೇಕು. ಕೂಸು ತೀರಾ ಸಣ್ಣದಿದ್ದರೆ 14ಕ್ಕೆ ಬರಿ ಹೇಳಿದರೆ ಸಾಲದು, ಕರೆದುಕೊಂಡೇ ಹೊರಡಬೇಕು. ರಿಜಿಸ್ಟರಿನಲ್ಲಿ ಗಂಡನ ನಂಬರಿನ ಪಕ್ಕ ತವರಿನದೊಂದು ನಂಬರೂ ಇದ್ದರೆ ಎಷ್ಟೋ ಕೆಲಸ ಹಗುರ.

ಅಜ್ಜಿಯ ಲೆಕ್ಕಕ್ಕೂ ಒಂದು ಗಂಟು ಹೆಚ್ಚಿಗೆ ಹಾಕಬಹುದು. ಕಾರಹುಣ್ಣಿಮೆಗೆ ಹುಟ್ಟಿದ ಕೂಸಿಗೆ ತಿಂಗಳು ತುಂಬುವುದು ಮುಂದಿನ ಹುಣ್ಣಿಮೆಗೆ. ಪಂಚಮಿಗೆ ದಿನ ಇತ್ತು ಎನ್ನುವ ಅಜ್ಜಿಗೆ ಆಶಾ ಅಷ್ಟು ಹೇಳಿ ಬಂದರೆ ಸಾಕು: ‘ಗುರುಪೂರ್ಣಿಮಿ ಒಳಗ ಕಣ್ಣು ತೋರಸ್ಬೇಕು ನೋಡಬೇ ಆಯಿ.’