ಕಾನೂನಿನ ಮೌನಕ್ಕೆ ಅರ್ಥ ಹೇಳುವವರು ಯಾರು? - ಅಮೆರಿಕದಲ್ಲಿ ನಿಯಂತ್ರಣ, ತಂತ್ರಜ್ಞಾನ ಮತ್ತು ವ್ಯಾಪಾರ

ಅಮೆರಿಕದ ನ್ಯೂಜೆರ್ಸಿ ರಾಜ್ಯದ ದಕ್ಷಿಣ ತುದಿಯಲ್ಲಿ ಕೇಪ್ ಮೇ ಎಂಬ ಬಂದರಿದೆ. ಅಲ್ಲಿಂದ ಅಟ್ಲಾಂಟಿಕ್ ಸಾಗರಕ್ಕೆ ಇಳಿದು ಹೆರಿಂಗ್ ಮೀನು ಹಿಡಿಯುವ ಕೆಲವು ಕುಟುಂಬಗಳು ಸರ್ಕಾರದ ಒಂದು ನಿಯಮದ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದವು. ಹೆರಿಂಗ್ ನಮ್ಮ ಕರಾವಳಿಯ ಬೂತಾಯಿಯ ಹತ್ತಿರದ ಬಳಗದ ಮೀನು. 2020ರಲ್ಲಿ ಅಲ್ಲಿನ ರಾಷ್ಟ್ರೀಯ ಸಾಗರ ಮೀನುಗಾರಿಕಾ ಸೇವೆಯು ಹೊರಡಿಸಿದ ನಿಯಮದ ಪ್ರಕಾರ, ಕೆಲವು ಯಾನಗಳಲ್ಲಿ ದೋಣಿಯ ಮೇಲೆ ಒಬ್ಬ ವೀಕ್ಷಕ ಇರಬೇಕು. ಆತನ ಸಂಬಳವನ್ನು ದೋಣಿಯ ಮಾಲೀಕನೇ ಕೊಡಬೇಕು. ಇದರ ವೆಚ್ಚ ದಿನಕ್ಕೆ 710 ಡಾಲರ್‌ವರೆಗೆ ಆಗಬಹುದೆಂದೂ, ಮಾಲೀಕನ ವಾರ್ಷಿಕ ಆದಾಯ ಶೇಕಡಾ 20ರಷ್ಟು ಕುಸಿಯಬಹುದೆಂದೂ ಇಲಾಖೆಯೇ ಅಂದಾಜು ಮಾಡಿತ್ತು.

ವೀಕ್ಷಕನನ್ನು ಹತ್ತಿಸಿಕೊಳ್ಳಬೇಕೆಂಬುದಕ್ಕೆ ಮೀನುಗಾರರ ತಕರಾರು ಹೆಚ್ಚಿರಲಿಲ್ಲ. 1976ರ ಮೀನುಗಾರಿಕಾ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿತ್ತು. ಆದರೆ ಸಂಬಳ ಕೊಡುವವರು ಯಾರು ಎಂಬ ಬಗ್ಗೆ ಕಾಯ್ದೆ ಮೂರು ಸಂದರ್ಭಗಳಲ್ಲಿ ಮಾತ್ರ ಸ್ಪಷ್ಟವಾಗಿ ಹೇಳಿತ್ತು. ಅಟ್ಲಾಂಟಿಕ್‌ನ ಹೆರಿಂಗ್ ದೋಣಿಗಳು ಆ ಮೂರರಲ್ಲಿ ಸೇರಿರಲಿಲ್ಲ. ಕಾಯ್ದೆ ಮೌನವಾಗಿರುವಲ್ಲಿ ಇಲಾಖೆ ತನಗೆ ಸರಿಕಂಡ ಅರ್ಥವನ್ನು ತುಂಬಬಹುದೆ? 2024ರ ಜೂನ್ 28ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಈ ಪ್ರಶ್ನೆಗೆ ಕೊಟ್ಟ ಉತ್ತರ ಮೀನಿನ ವ್ಯಾಪಾರವನ್ನು ದಾಟಿ, ಅಂತರ್ಜಾಲ, ಔಷಧ, ಆಹಾರ, ಬ್ಯಾಂಕಿಂಗ್ ಎಲ್ಲಕ್ಕೂ ತಟ್ಟಿತು. ಆ ದೇಶಕ್ಕೆ ಸರಕು ಅಥವಾ ಸೇವೆ ಕಳುಹಿಸುವ ಕರ್ನಾಟಕದ ಉದ್ದಿಮೆದಾರರು ಇದರ ಹಿನ್ನೆಲೆಯನ್ನು ತಿಳಿದಿರುವುದು ಒಳ್ಳೆಯದು.

ಅಲ್ಲಿನ ವ್ಯವಸ್ಥೆ ಒಂದು ಮಟ್ಟಿಗೆ ನಮ್ಮದನ್ನೇ ಹೋಲುತ್ತದೆ. ಸಂಸತ್ತಾದ ಕಾಂಗ್ರೆಸ್ ಕಾಯ್ದೆಯನ್ನು ರೂಪಿಸುತ್ತದೆ; ಕಾಯ್ದೆಯಡಿ ವಿವರವಾದ ನಿಯಮಗಳನ್ನು ಇಲಾಖೆ ಅಥವಾ ಆಯೋಗ ರಚಿಸುತ್ತದೆ. ಇಲ್ಲಿ ಕಾಯ್ದೆಗಿಂತ ಅಧಿಸೂಚನೆಯೇ ವರ್ತಕನನ್ನು ಹೆಚ್ಚು ಕಾಡುವಂತೆ, ಅಲ್ಲಿಯೂ ಅಂಗಡಿ ಮತ್ತು ಕಾರ್ಖಾನೆಗಳಿಗೆ ನಿತ್ಯ ಎದುರಾಗುವುದು ಇಲಾಖೆಯ ನಿಯಮವೇ. ಒಕ್ಕೂಟ ಮಟ್ಟದ ಇಂತಹ ಮೊದಲ ನಿಯಂತ್ರಣ ಆಯೋಗ ಹುಟ್ಟಿದ್ದು 1887ರಲ್ಲಿ, ರೈಲ್ವೆ ಕಂಪೆನಿಗಳ ವಿಚಾರದಲ್ಲಿ. ದೊಡ್ಡ ಗಿರಾಕಿಗಳಿಗೆ ಗುಟ್ಟಾಗಿ ರಿಯಾಯಿತಿ ಕೊಟ್ಟು, ಸಣ್ಣ ರೈತ ಮತ್ತು ವ್ಯಾಪಾರಿಗಳಿಂದ ಕಂಪೆನಿಗಳು ಹೆಚ್ಚಿನ ಬಾಡಿಗೆ ಕೀಳುತ್ತಿವೆ ಎಂಬುದು ಆಗಿನ ದೂರು. ಸಾಗಿಸುವವನು ಎಲ್ಲರ ಸರಕನ್ನೂ ಸಮನಾಗಿ ಸಾಗಿಸಬೇಕು ಎಂಬ ಬೇಡಿಕೆ ನೂರು ವರ್ಷಗಳ ಬಳಿಕ ಬೇರೆ ವೇಷದಲ್ಲಿ ಮರಳಿತು. ಮುಂದೆ ಬರುವ ಅಂತರ್ಜಾಲದ ಕಥೆ ಅದೇ.

ನಿಯಮ ರಚನೆಯ ವಿಧಾನವನ್ನು ನಿಗದಿಪಡಿಸಿದ್ದು 1946ರ ಆಡಳಿತ ಕಾರ್ಯವಿಧಾನ ಕಾಯ್ದೆ. ಕರಡನ್ನು ಪ್ರಕಟಿಸಬೇಕು, ಸಾರ್ವಜನಿಕರ ಅಭಿಪ್ರಾಯ ಕೇಳಬೇಕು, ಅವನ್ನು ಪರಿಶೀಲಿಸಿದ ಮೇಲೆಯೇ ಅಂತಿಮ ನಿಯಮ ಹೊರಡಿಸಬೇಕು. ಕಾನೂನಿನ ಪ್ರಶ್ನೆಗಳನ್ನು ನ್ಯಾಯಾಲಯವೇ ನಿರ್ಧರಿಸತಕ್ಕದ್ದೆಂದೂ ಆ ಕಾಯ್ದೆಯಲ್ಲಿದೆ. ಹೀಗಿದ್ದರೂ 1984ರಲ್ಲಿ ಶೆವ್ರಾನ್ ತೈಲ ಕಂಪೆನಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಬೇರೊಂದು ಸೂತ್ರವನ್ನು ಹಾಕಿಕೊಟ್ಟಿತು. ಕಾಯ್ದೆ ಸ್ಪಷ್ಟವಾಗಿದ್ದರೆ ಅದರಂತೆಯೇ ನಡೆಯಬೇಕು. ಅಸ್ಪಷ್ಟವಾಗಿದ್ದರೆ, ಇಲಾಖೆ ಮಾಡಿದ ಅರ್ಥ ಸಮಂಜಸವಾಗಿರುವವರೆಗೆ ನ್ಯಾಯಾಲಯ ಅದನ್ನು ಒಪ್ಪಬೇಕು.

ಈ ಸೂತ್ರವನ್ನು ಉದ್ಯಮದ ಶತ್ರುವೆಂದು ಈಚೆಗೆ ಬಣ್ಣಿಸುವುದು ರೂಢಿಯಾಗಿದೆ. ಆದರೆ 1984ರಲ್ಲಿ ಗೆದ್ದದ್ದು ಉದ್ಯಮವೇ. ವಾಯುಮಾಲಿನ್ಯ ಕಾಯ್ದೆಯಲ್ಲಿನ ಮಾಲಿನ್ಯದ ‘ಮೂಲ’ ಎಂದರೆ ಕಾರ್ಖಾನೆಯ ಪ್ರತಿಯೊಂದು ಚಿಮಣಿಯೋ, ಇಡೀ ಕಾರ್ಖಾನೆಯೋ ಎಂಬುದು ಆಗಿನ ಪ್ರಶ್ನೆ. ಇಡೀ ಕಾರ್ಖಾನೆ ಎಂದು ಅರ್ಥ ಮಾಡಿದರೆ ಒಂದು ಕಡೆ ಹೆಚ್ಚಿದ ಹೊಗೆಯನ್ನು ಇನ್ನೊಂದು ಕಡೆ ತಗ್ಗಿಸಿ ಸರಿದೂಗಿಸಬಹುದು. ರೇಗನ್ ಆಡಳಿತದ ಪರಿಸರ ಸಂಸ್ಥೆ ಈ ಉದಾರ ಅರ್ಥವನ್ನು ಹಿಡಿಯಿತು, ನ್ಯಾಯಾಲಯ ಒಪ್ಪಿತು, ಪರಿಸರವಾದಿಗಳು ಸೋತರು. ಆಗ ಆ ಸಂಸ್ಥೆಯ ಮುಖ್ಯಸ್ಥೆಯಾಗಿದ್ದವರು ಆನ್ ಗೋರ್ಸಚ್. ನಲವತ್ತು ವರ್ಷಗಳ ಬಳಿಕ ಆ ಸೂತ್ರವನ್ನು ಕೆಡವಿದ ನ್ಯಾಯಮೂರ್ತಿಗಳಲ್ಲಿ ಅವರ ಮಗ ನೀಲ್ ಗೋರ್ಸಚ್ ಕೂಡ ಒಬ್ಬರು.

ಸೂತ್ರದ ನಿಜವಾದ ತೊಡಕು ಬಯಲಾದದ್ದು ತಂತ್ರಜ್ಞಾನದ ಕ್ಷೇತ್ರದಲ್ಲಿ. 1996ರ ದೂರಸಂಪರ್ಕ ಕಾಯ್ದೆಯಲ್ಲಿ ಸೇವೆಗಳಿಗೆ ಎರಡು ಹೆಸರುಗಳಿವೆ. ಒಂದು ‘ದೂರಸಂಪರ್ಕ ಸೇವೆ’. ಇದು ಹಳೆಯ ದೂರವಾಣಿಯಂತೆ. ಒದಗಿಸುವವನು ಸಾರ್ವಜನಿಕ ಸಾಗಣೆದಾರನಾಗಿ ಎಲ್ಲರಿಗೂ ಸಮನಾಗಿ ಸೇವೆ ಕೊಡಬೇಕು. ಇನ್ನೊಂದು ‘ಮಾಹಿತಿ ಸೇವೆ’. ಇದರ ಮೇಲೆ ಹಿಡಿತ ಬಹಳ ಸಡಿಲ. ಮನೆ ಮನೆಗೆ ಬರುವ ಬ್ರಾಡ್‌ಬ್ಯಾಂಡ್ ಇವೆರಡರಲ್ಲಿ ಯಾವುದು? ಇದನ್ನು ಕಾಯ್ದೆ ನೇರವಾಗಿ ಹೇಳಲಿಲ್ಲ. ಹೇಳುವ ಹೊಣೆ 1934ರಲ್ಲಿ ಸ್ಥಾಪಿತವಾದ ಫೆಡರಲ್ ಸಂಪರ್ಕ ಆಯೋಗದ ಮೇಲೆ ಬಿತ್ತು.

ವ್ಯಾಪಾರಿಗಳ ಮಟ್ಟಿಗೆ ಇದು ಬರಿಯ ಪದಗಳ ಜಗಳವಲ್ಲ. ಬ್ರಾಡ್‌ಬ್ಯಾಂಡ್ ಸಾಗಣೆದಾರನ ಕೆಲಸವಾದರೆ, ಹಣ ಕೊಟ್ಟ ದೊಡ್ಡ ಮಾರಾಟ ತಾಣಕ್ಕೆ ವೇಗದ ದಾರಿ, ಸಣ್ಣ ವರ್ತಕನ ತಾಣಕ್ಕೆ ನಿಧಾನದ ದಾರಿ ಎಂದು ಕಂಪೆನಿ ಭೇದ ಮಾಡುವಂತಿಲ್ಲ. ಮಾಹಿತಿ ಸೇವೆಯಾದರೆ ಆ ತಡೆ ಇಲ್ಲ. ಇದನ್ನೇ ಜಾಲತಾಣ ತಟಸ್ಥತೆಯ ಪ್ರಶ್ನೆ ಎನ್ನುತ್ತಾರೆ. ಕಂಪೆನಿಗಳ ವಾದವೂ ತಳ್ಳಿಹಾಕುವಂಥದ್ದಲ್ಲ. ಕೇಬಲ್ ಹೂಳಲು ಭಾರಿ ಬಂಡವಾಳ ಬೇಕು. ದೂರವಾಣಿ ಯುಗದ ಕಟ್ಟುಪಾಡು ಹೇರಿದರೆ ಹಣ ಹೂಡುವವರು ಹಿಂಜರಿಯುತ್ತಾರೆ ಎಂಬುದು ಅವರ ಅಳುಕು.

2002ರಲ್ಲಿ ಆಯೋಗ ಕೇಬಲ್ ಬ್ರಾಡ್‌ಬ್ಯಾಂಡನ್ನು ಮಾಹಿತಿ ಸೇವೆ ಎಂದು ಕರೆಯಿತು. 2005ರಲ್ಲಿ ಬ್ರಾಂಡ್ ಎಕ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಶೆವ್ರಾನ್ ಸೂತ್ರದ ಬಲದಿಂದಲೇ ಅದನ್ನು ಎತ್ತಿಹಿಡಿಯಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಸ್ಕಾಲಿಯ, ಆಯೋಗದ ತರ್ಕವನ್ನು ಪಿಜ್ಜಾ ಅಂಗಡಿಯ ಹೋಲಿಕೆ ಕೊಟ್ಟು ಗೇಲಿ ಮಾಡಿದರು: ಪಿಜ್ಜಾವನ್ನು ಮನೆಗೆ ತಂದುಕೊಡುವ ಅಂಗಡಿಯವನು ತಾನು ಸಾಗಣೆಯ ಸೇವೆಯನ್ನೇ ನೀಡುತ್ತಿಲ್ಲ ಎಂದರೆ ಯಾರು ನಂಬುತ್ತಾರೆ? ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಥಾಮಸ್ ಅವರೂ 2020ರಲ್ಲಿ ತಮ್ಮದೇ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿದರು.

ಅಲ್ಲಿಂದ ಮುಂದಿನದು ತಿರುಗುಬಾಗಿಲಿನ ಕಥೆ. ಆಯೋಗದಲ್ಲಿ ಐವರು ಸದಸ್ಯರು. ಅಧ್ಯಕ್ಷೀಯ ಚುನಾವಣೆಯೊಡನೆ ಬಹುಮತ ಬದಲಾಗುತ್ತದೆ. 2010ರಲ್ಲಿ ತಂದ ತಟಸ್ಥತೆಯ ನಿಯಮಗಳ ಮುಖ್ಯ ಭಾಗವನ್ನು ಮೇಲ್ಮನವಿ ನ್ಯಾಯಾಲಯ 2014ರಲ್ಲಿ ರದ್ದು ಮಾಡಿತು. 2015ರ ಫೆಬ್ರವರಿಯಲ್ಲಿ ಮೂರಕ್ಕೆ ಎರಡು ಮತಗಳಿಂದ ಬ್ರಾಡ್‌ಬ್ಯಾಂಡ್ ದೂರಸಂಪರ್ಕ ಸೇವೆಯಾಯಿತು. 2017ರ ಡಿಸೆಂಬರಿನಲ್ಲಿ, ಭಾರತದಿಂದ ವಲಸೆ ಹೋದ ವೈದ್ಯ ದಂಪತಿಗಳ ಮಗನಾದ ಅಜಿತ್ ಪೈ ಅವರ ಅಧ್ಯಕ್ಷತೆಯಲ್ಲಿ, ಮತ್ತೆ ಮೂರಕ್ಕೆ ಎರಡು ಮತಗಳಿಂದ ಅದು ಮಾಹಿತಿ ಸೇವೆಯಾಯಿತು. 2024ರ ಏಪ್ರಿಲ್‌ನಲ್ಲಿ ಅದೇ ಅಂತರದಿಂದ ಇನ್ನೊಮ್ಮೆ ದೂರಸಂಪರ್ಕ ಸೇವೆ. ಈ ಅವಧಿಯಲ್ಲಿ ಕಾಯ್ದೆಯ ಸಂಬಂಧಪಟ್ಟ ಮಾತುಗಳು ಬದಲಾಗಿರಲಿಲ್ಲ. ತಂತಿಯೂ ಅದೇ, ಕಾಯ್ದೆಯೂ ಅದೇ. ಬದಲಾದದ್ದು ಕುರ್ಚಿಯಲ್ಲಿ ಕುಳಿತವರು.

2017ರ ನಿರ್ಧಾರಕ್ಕೆ ಮುನ್ನ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ನಡೆದ ಪ್ರಸಂಗವನ್ನು ವಿವರವಾಗಿಯೇ ಹೇಳಬೇಕು. ಆಯೋಗಕ್ಕೆ ಬಂದ ಅಭಿಪ್ರಾಯಗಳ ಸಂಖ್ಯೆ 2.2 ಕೋಟಿಯನ್ನು ಮೀರಿತು. ಅವುಗಳಲ್ಲಿ ಸುಮಾರು 1.8 ಕೋಟಿ ನಕಲಿ ಎಂದು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ 2021ರ ಮೇ ತಿಂಗಳ ವರದಿಯಲ್ಲಿ ತಿಳಿಸಿದರು. ನಿಯಮಗಳ ರದ್ದತಿಯನ್ನು ಬಯಸಿ ಬ್ರಾಡ್‌ಬ್ಯಾಂಡ್ ಉದ್ಯಮದ ಹಣದಿಂದ ನಡೆದ ಪ್ರಚಾರದಲ್ಲಿ 85 ಲಕ್ಷಕ್ಕೂ ಹೆಚ್ಚು ಅಭಿಪ್ರಾಯಗಳು ಸೃಷ್ಟಿಯಾಗಿದ್ದವು. ಗುತ್ತಿಗೆ ಪಡೆದ ಸಂಸ್ಥೆಗಳು ನಿಜವಾದ ಜನರ ಹೆಸರು, ವಿಳಾಸಗಳನ್ನು ಅವರಿಗೆ ತಿಳಿಯದಂತೆ ಬಳಸಿದ್ದವು. ಎದುರು ಪಕ್ಷವೂ ಶುದ್ಧವಾಗಿರಲಿಲ್ಲ. ಕ್ಯಾಲಿಫೋರ್ನಿಯಾದ 19 ವರ್ಷದ ಕಾಲೇಜು ವಿದ್ಯಾರ್ಥಿಯೊಬ್ಬ ಗಣಕಯಂತ್ರದ ಸಹಾಯದಿಂದ ಕಲ್ಪಿತ ಹೆಸರುಗಳನ್ನು ಹುಟ್ಟಿಸಿ, ತಟಸ್ಥತೆಯ ಪರವಾಗಿ 77 ಲಕ್ಷಕ್ಕೂ ಹೆಚ್ಚು ಅಭಿಪ್ರಾಯಗಳನ್ನು ಸಲ್ಲಿಸಿದ್ದ. ಪ್ರಜೆಯ ಮಾತನ್ನು ಆಲಿಸಲೆಂದು 1946ರಲ್ಲಿ ತೆರೆದ ಕಿಟಕಿಯಲ್ಲಿ ಯಂತ್ರಗಳೇ ಮಾತಾಡಿದವು. ನಿಜವಾಗಿ ನಷ್ಟ ಅನುಭವಿಸುವ ಸಣ್ಣ ಉದ್ದಿಮೆದಾರನೊಬ್ಬ ಬರೆದ ಪತ್ರ ಆ ರಾಶಿಯಲ್ಲಿ ಎಲ್ಲಿ ಹೂತುಹೋಯಿತೋ.

ಇಂತಹ ಸನ್ನಿವೇಶದಲ್ಲಿ ಬಂದದ್ದು ಕೇಪ್ ಮೇ ಮೀನುಗಾರರ ಪ್ರಕರಣ. ಅರ್ಜಿದಾರ ಸಂಸ್ಥೆಯ ಹೆಸರಿನಿಂದ ಇದನ್ನು ಲೋಪರ್ ಬ್ರೈಟ್ ಪ್ರಕರಣ ಎನ್ನುತ್ತಾರೆ. ವೀಕ್ಷಕರ ಯೋಜನೆ ಅನುದಾನವಿಲ್ಲದೆ 2023ರಲ್ಲೇ ನಿಂತುಹೋಗಿದ್ದರೂ ವ್ಯಾಜ್ಯ ನಿಲ್ಲಲಿಲ್ಲ. ಮೀನುಗಾರರ ಬೆನ್ನಿಗೆ ನಿಂತು ಮೊಕದ್ದಮೆ ನಡೆಸಿದವು ಸರ್ಕಾರಿ ನಿಯಂತ್ರಣವನ್ನು ತಾತ್ವಿಕವಾಗಿ ವಿರೋಧಿಸುವ ಸಂಘಟನೆಗಳು. ಅವುಗಳ ಕಣ್ಣು ಹೆರಿಂಗಿಗಿಂತ ಶೆವ್ರಾನ್ ಸೂತ್ರದ ಮೇಲೆ ನೆಟ್ಟಿತ್ತು. ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಬರೆದ ಬಹುಮತದ ತೀರ್ಪು ಆ ಸೂತ್ರವನ್ನು ಪೂರ್ಣವಾಗಿ ತೆಗೆದುಹಾಕಿತು. ಕಾಯ್ದೆಯ ಅರ್ಥವನ್ನು ನ್ಯಾಯಾಧೀಶರು ಸ್ವತಂತ್ರವಾಗಿ ನಿರ್ಣಯಿಸಬೇಕು. ಇಲಾಖೆಯ ಅಭಿಪ್ರಾಯವನ್ನು ಕೇಳಬಹುದು, ಅದಕ್ಕೆ ಕಟ್ಟುಬೀಳಬೇಕಿಲ್ಲ. ಹಳೆಯ ಸೂತ್ರದಡಿ ಈಗಾಗಲೇ ಇತ್ಯರ್ಥವಾದ ಪ್ರಕರಣಗಳು ಹಾಗೆಯೇ ಉಳಿಯುತ್ತವೆ ಎಂದೂ ತೀರ್ಪು ಹೇಳಿತು.

ಭಿನ್ನಮತ ಬರೆದ ನ್ಯಾಯಮೂರ್ತಿ ಕೇಗನ್ ಎತ್ತಿದ ಆಕ್ಷೇಪ ಹಗುರವಾದುದಲ್ಲ. ಯಾವ ರಾಸಾಯನಿಕ ಸರಪಳಿಯನ್ನು ಪ್ರೋಟೀನ್ ಎನ್ನಬೇಕು ಎಂಬಂತಹ ಪ್ರಶ್ನೆಗಳನ್ನು ಆ ವಿಷಯ ಬಲ್ಲ ಇಲಾಖೆಗಿಂತ ನ್ಯಾಯಾಧೀಶರು ಹೇಗೆ ಚೆನ್ನಾಗಿ ಬಿಡಿಸುತ್ತಾರೆ ಎಂದು ಅವರು ಕೇಳಿದರು. ಕಾಕತಾಳೀಯವೆಂಬಂತೆ, ಹಿಂದಿನ ದಿನವಷ್ಟೇ ನ್ಯಾಯಮೂರ್ತಿ ಗೋರ್ಸಚ್ ಬರೆದ ವಾಯುಮಾಲಿನ್ಯದ ತೀರ್ಪಿನಲ್ಲಿ, ಹೊಗೆಮಂಜಿಗೆ ಕಾರಣವಾಗುವ ನೈಟ್ರೋಜನ್ ಆಕ್ಸೈಡ್‌ಗಳ ಜಾಗದಲ್ಲಿ, ದಂತವೈದ್ಯರು ಬಳಸುವ ನಗೆ ಅನಿಲದ ಹೆಸರು ನುಸುಳಿತ್ತು. ಆಮೇಲೆ ಅದನ್ನು ತಿದ್ದಲಾಯಿತು.

ತೀರ್ಪಿನ ಪರಿಣಾಮಕ್ಕೆ ಹೆಚ್ಚು ಕಾಯಬೇಕಾಗಲಿಲ್ಲ. 2025ರ ಜನವರಿ 2ರಂದು ಆರನೆಯ ವಲಯದ ಮೇಲ್ಮನವಿ ನ್ಯಾಯಾಲಯ ಲೋಪರ್ ಬ್ರೈಟ್ ತೀರ್ಪನ್ನೇ ಆಧರಿಸಿ, ಬ್ರಾಡ್‌ಬ್ಯಾಂಡ್ ಮಾಹಿತಿ ಸೇವೆಯೇ ಎಂದು ತೀರ್ಮಾನಿಸಿ 2024ರ ನಿಯಮಗಳನ್ನು ರದ್ದುಪಡಿಸಿತು. ಹಾಗೆಂದು ದೇಶಕ್ಕೆಲ್ಲ ಒಂದೇ ನಿಯಮ ಬಂದಿತೆ? ಇಲ್ಲ. ಕ್ಯಾಲಿಫೋರ್ನಿಯಾ 2018ರಲ್ಲಿ ತನ್ನದೇ ತಟಸ್ಥತೆಯ ಕಾಯ್ದೆ ಮಾಡಿಕೊಂಡಿದೆ. ಒಕ್ಕೂಟದ ಆಯೋಗ ಕೈಬಿಟ್ಟ ಕಡೆ ರಾಜ್ಯ ಕೈಹಾಕಿತು. ಲೋಪರ್ ಬ್ರೈಟ್ ತೀರ್ಪು ಬಂದ ಮೂರು ದಿನಕ್ಕೆ ಸರ್ವೋಚ್ಚ ನ್ಯಾಯಾಲಯ ಇನ್ನೊಂದು ಬಾಗಿಲನ್ನೂ ತೆರೆಯಿತು. ಉತ್ತರ ಡಕೋಟದಲ್ಲಿ 2018ರಲ್ಲಿ ಆರಂಭವಾದ ಒಂದು ಟ್ರಕ್ ತಂಗುದಾಣದ ಅಂಗಡಿ, ಡೆಬಿಟ್ ಕಾರ್ಡ್ ಶುಲ್ಕ ಕುರಿತ 2011ರ ನಿಯಮವನ್ನು ಪ್ರಶ್ನಿಸಿತ್ತು. ಆರು ವರ್ಷಗಳ ಕಾಲಮಿತಿಯನ್ನು ನಿಯಮ ಹೊರಟ ದಿನದಿಂದಲ್ಲ, ವಾದಿಗೆ ಅದರಿಂದ ತೊಂದರೆಯಾದ ದಿನದಿಂದ ಎಣಿಸಬೇಕೆಂದು ನ್ಯಾಯಾಲಯ ಹೇಳಿತು. ಹಳೆಯ ನಿಯಮವನ್ನೂ ಹೊಸ ಅಂಗಡಿಯವನು ಕೆದಕಬಹುದು ಎಂದಾಯಿತು. ಇದು ಚಿಕ್ಕ ವರ್ತಕನ ಗೆಲುವು ಎಂಬುದು ನಿಜ. ಆದರೆ ಹತ್ತಾರು ವರ್ಷ ನೆಲೆನಿಂತ ನಿಯಮವನ್ನು ನಂಬಿ ಯಂತ್ರ ಕೊಂಡವನಿಗೆ ಇದೇ ಆತಂಕವೂ ಹೌದು. ಇಲಾಖೆಯ ಚಂಚಲತೆ ತಗ್ಗಿದರೂ, ಒಂದೊಂದು ವಲಯದ ನ್ಯಾಯಾಲಯ ಒಂದೊಂದು ಅರ್ಥ ಹೇಳಿದರೆ ವ್ಯಾಪಾರಕ್ಕೆ ಬೇಕಾದ ಸ್ಥಿರತೆ ಸಿಕ್ಕಂತಾಗುವುದಿಲ್ಲ.

ಕರ್ನಾಟಕದ ರಫ್ತುದಾರರಿಗೆ ಇದರಲ್ಲಿ ಉಪಯುಕ್ತವಾದ ಒಂದು ವಿವೇಚನೆ ಇದೆ. ತಮ್ಮ ಸರಕಿಗೆ ತಗಲುವ ಷರತ್ತು ಅಮೆರಿಕದ ಕಾಯ್ದೆಯಲ್ಲೇ ಇದೆಯೋ, ಇಲಾಖೆಯ ನಿಯಮದಲ್ಲಿದೆಯೋ ಎಂದು ಮೊದಲು ನೋಡಬೇಕು. ಚನ್ನಪಟ್ಟಣದ ಆಟಿಕೆಯನ್ನು ಅಲ್ಲಿಗೆ ಕಳುಹಿಸುವವರು ಬಣ್ಣದಲ್ಲಿನ ಸೀಸದ ಮಿತಿಯನ್ನು ಪಾಲಿಸಬೇಕು. ಹತ್ತು ಲಕ್ಷ ಭಾಗಕ್ಕೆ 600 ಭಾಗವಿದ್ದ ಮಿತಿಯನ್ನು 90ಕ್ಕೆ ಇಳಿಸಿದ್ದು 2008ರ ಕಾಯ್ದೆ. ಅಂಕಿಯನ್ನು ಕಾಂಗ್ರೆಸ್ಸೇ ಬರೆದಿರುವುದರಿಂದ ಲೋಪರ್ ಬ್ರೈಟ್ ತೀರ್ಪು ಅದನ್ನು ಸಡಿಲಿಸುವುದಿಲ್ಲ. ಸಣ್ಣ ಸೌತೆಯ ಉಪ್ಪಿನಕಾಯಿ ಕಳುಹಿಸುವವರ ಸ್ಥಿತಿ ಬೇರೆ. ವಿದೇಶಿ ಪೂರೈಕೆದಾರರನ್ನು ಆಮದುದಾರ ಪರಿಶೀಲಿಸಬೇಕೆಂದು 2011ರ ಆಹಾರ ಸುರಕ್ಷತಾ ಕಾಯ್ದೆ ಹೇಳಿದರೂ, ಹೇಗೆಂಬ ವಿವರವನ್ನು ಆಹಾರ ಮತ್ತು ಔಷಧ ಆಡಳಿತವು 2015ರ ನಿಯಮದಲ್ಲಿ ತುಂಬಿತು. ಇಂತಹ ವಿವರಗಳು ವ್ಯಾಜ್ಯಕ್ಕೆ ಒಳಗಾಗಬಹುದು. ಹಾಗೆಂದು ನ್ಯಾಯಾಲಯ ತಡೆಯುವ ಮುನ್ನವೇ ದಾಖಲೆ ಇಡುವುದನ್ನು ನಿಲ್ಲಿಸಿದವರ ಪೆಟ್ಟಿಗೆಗಳು ಬಂದರಿನಲ್ಲೇ ಉಳಿಯುತ್ತವೆ.

ಭಾರತವು ಜಾಲತಾಣ ತಟಸ್ಥತೆಯ ಪ್ರಶ್ನೆಯನ್ನು ಎದುರಿಸಿದ ರೀತಿಯೂ ಬೇರೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2015ರಲ್ಲಿ ಅಭಿಪ್ರಾಯ ಕೇಳಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಮಿಂಚಂಚೆಗಳು ಬಂದವು. 2016ರ ಫೆಬ್ರವರಿ 8ರಂದು ಪ್ರಾಧಿಕಾರ ಅಂತರ್ಜಾಲದ ವಿಷಯಾಧಾರಿತ ದರಭೇದವನ್ನು ನಿಷೇಧಿಸಿತು. ಫೇಸ್‌ಬುಕ್‌ನ ಉಚಿತ ಸೇವಾ ಯೋಜನೆ ಅದರೊಂದಿಗೆ ಇಲ್ಲಿ ಕೊನೆಗೊಂಡಿತು.

ಅಮೆರಿಕದ ಇಲಾಖೆಗಳ ಕರಡು ನಿಯಮಗಳು ಅಲ್ಲಿನ ಫೆಡರಲ್ ರಿಜಿಸ್ಟರ್ ಎಂಬ ರಾಜಪತ್ರದಲ್ಲಿ ಪ್ರಕಟವಾಗುತ್ತವೆ. ಅಭಿಪ್ರಾಯ ಸಲ್ಲಿಸಲು ಆ ದೇಶದ ಪ್ರಜೆಯಾಗಿರಬೇಕಿಲ್ಲ, ಶುಲ್ಕವೂ ಇಲ್ಲ. ಚನ್ನಪಟ್ಟಣದ ಅರಗಿನ ಕುಶಲಕರ್ಮಿಯೂ, ಉಪ್ಪಿನಕಾಯಿ ಘಟಕದ ಮಾಲೀಕನೂ ಪರೀಕ್ಷಾ ವೆಚ್ಚದ ನಿಜವಾದ ಲೆಕ್ಕವನ್ನು ಅಲ್ಲಿಗೆ ಕಳುಹಿಸಬಹುದು.