ಎದುರಿಗೇನೂ ಇಲ್ಲದಿದ್ದರೂ ಬ್ರೇಕ್: ಊರಿಗೆ ಹೊರಟವರು ಗಮನಿಸಿ

ಅಂಬರನಾಥ: ಬೇಸಿಗೆ ರಜೆ ಬಂತೆಂದರೆ ಅಂಬರನಾಥ, ಕಲ್ಯಾಣ್, ಡೊಂಬಿವಲಿ ಪರಿಸರದ ಅನೇಕ ಕನ್ನಡಿಗರು ಸ್ವಂತ ಕಾರಿನಲ್ಲಿ ಊರಿನ ದಾರಿ ಹಿಡಿಯುತ್ತಾರೆ. ಹೊಸ ಕಾರುಗಳು ಹಲವದರಲ್ಲಿ ಈಗ ಚಾಲಕ ಸಹಾಯ ವ್ಯವಸ್ಥೆಯಿದ್ದು, ಅಪಾಯ ಕಂಡರೆ ಕಾರು ತಾನಾಗಿಯೇ ಬ್ರೇಕ್ ಹಾಕುತ್ತದೆ. ಜೀವ ಉಳಿಸುವ ಈ ಸೌಲಭ್ಯ ಕೆಲವೊಮ್ಮೆ ಅಪಾಯವಿಲ್ಲದ ಕಡೆಯೂ ಬ್ರೇಕ್ ಹಾಕಿಬಿಡುವುದುಂಟು.

ಮುಂದಿನ ಗಾಜಿನ ಹಿಂದಿರುವ ಕ್ಯಾಮರಾ ಹಾಗೂ ಮುಂಭಾಗದ ರಾಡಾರ್ ರಸ್ತೆಯನ್ನು ಗಮನಿಸುತ್ತಿರುತ್ತವೆ. ಸೇತುವೆಯ ನೆರಳನ್ನೋ, ಘಾಟಿಯ ತಿರುವಿನಲ್ಲಿ ಎದುರು ಬರುವ ಲಾರಿಯನ್ನೋ ಅವು ಅಡೆತಡೆಯೆಂದು ತಪ್ಪಾಗಿ ತಿಳಿಯಬಹುದು. ಗಂಟೆಗೆ 80 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಹಿಂದೆ ಅಂಟಿಕೊಂಡು ಬರುವ ಟ್ರಕ್ಕಿನ ಚಾಲಕನಿಗೆ ಬ್ರೇಕ್ ಒತ್ತಲೂ ಸಮಯ ಸಿಗದು.

ಅಮೆರಿಕದಲ್ಲಿ 354 ದೂರುಗಳ ಆಧಾರದಲ್ಲಿ ಸುಮಾರು 4.16 ಲಕ್ಷ ಟೆಸ್ಲಾ ಕಾರುಗಳ ಕುರಿತು 2022ರ ಫೆಬ್ರವರಿಯಲ್ಲಿ ಸರಕಾರಿ ತನಿಖೆ ಆರಂಭವಾಗಿತ್ತು. ಆದರೂ ಹೊಸ ಕಾರುಗಳಿಗೆ ಸ್ವಯಂಚಾಲಿತ ತುರ್ತು ಬ್ರೇಕ್ ಕಡ್ಡಾಯಗೊಳಿಸುವ ನಿಯಮವನ್ನು 2024ರಲ್ಲಿ ರೂಪಿಸಿದ್ದೂ ಅದೇ ದೇಶ.

ಆದ್ದರಿಂದ ವ್ಯವಸ್ಥೆಯನ್ನು ಪೂರ್ತಿ ನಿಲ್ಲಿಸಿಬಿಡುವುದು ಜಾಣತನವಲ್ಲ. ಹೊರಡುವ ಮುನ್ನ ಗಾಜು, ರಾಡಾರ್ ಇರುವ ಜಾಗವನ್ನು ಒರೆಸಿ. ಆಯುಧ ಪೂಜೆಯ ಹೂವಿನ ಹಾರ ಅಡ್ಡವಿದ್ದರೆ ತೆಗೆದೇ ಹೊರಡಿ. ಗಾಜು, ಬಂಪರ್ ಬದಲಿಸಿದ್ದರೆ ಕ್ಯಾಮರಾ, ರಾಡಾರ್ ಸರಿ ಹೊಂದಿಸಲಾಗಿದೆಯೇ ಎಂದು ಸರ್ವಿಸ್ ಕೇಂದ್ರದಲ್ಲಿ ಕೇಳಿ. ಸುಳ್ಳು ಬ್ರೇಕ್ ಬಿದ್ದಾಗ ಏನು ಮಾಡಬೇಕೆಂದು ಕಾರಿನ ಕೈಪಿಡಿಯಲ್ಲಿ ಮೊದಲೇ ಓದಿಕೊಳ್ಳಿ. ಹಿಂದಿನ ವಾಹನ ತೀರಾ ಹತ್ತಿರ ಬಂದರೆ ದಾರಿ ಬಿಟ್ಟುಕೊಡಿ. ಊರಲ್ಲಿ ಕಾಯುವ ಹಿರಿಯರಿಗೆ ನಾವು ಒಂದು ಗಂಟೆ ತಡವಾಗಿ ತಲುಪಿದರೆ ಬೇಸರವಿಲ್ಲ.